ಕಡಲ ರಾಕ್ಷಸರೂ ಕಂಡವರ ಮಾತೂ

ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟಮಾಡಿ ಜಗಲಿಯಲ್ಲಿ ವಿಶ್ರಮಿಸಿಕೊಳ್ಳುವ ಯಾತ್ರಿಕರ ಮಾತುಗಳನ್ನು ಕೇಳುವುದು ನನಗೆ ಬಹಳ ದಿನಗಳ ಅಭ್ಯಾಸ. ಒಂದು ಮಧ್ಯಾಹ್ನ, ಘಟ್ಟದ ಕೆಳಗಿನ ಕಡಲತೀರದಿಂದ ಬಂದಿದ್ದ ಮೊಗವೀರ ವೃದ್ಧರೊಬ್ಬರು ತಾವು ತಾರುಣ್ಯದಲ್ಲಿ ಕಂಡ ಸಂಗತಿಯೊಂದನ್ನು ಹೇಳಿದರು. ಅವರ ದೋಣಿಗಿಂತಲೂ ಉದ್ದವಾದ ಜೀವವೊಂದು ಮೆಲ್ಲನೆ ತೇಲಿಬಂದಿತಂತೆ. ಬೆನ್ನ ಮೇಲೆಲ್ಲ ರಂಗೋಲಿಯ ಚುಕ್ಕೆಗಳನ್ನಿಟ್ಟಂತೆ ಬಿಳಿಯ ಬೊಟ್ಟುಗಳು. ಬಾಯಿಯೋ ಎರಡು ಮೊಳದಗಲ. ದೋಣಿಯವರೆಲ್ಲ ಕೈಮುಗಿದು ಕುಳಿತರಂತೆ. ಕೇಳುತ್ತಿದ್ದ ನಮ್ಮೂರ ಕಾಲೇಜು ಹುಡುಗನೊಬ್ಬನು ನಕ್ಕು, “ಅಜ್ಜಾ, ಹೆದರಿದವನ ಕಣ್ಣಿಗೆ ಮರದ ದಿಮ್ಮಿಯೂ ರಾಕ್ಷಸನೇ!” ಎಂದನು. ವೃದ್ಧರು, “ಕಂಡದ್ದನ್ನು ಹೇಳಿದೆ, ಮಗಾ” ಎಂದಷ್ಟೇ ನುಡಿದು ಸುಮ್ಮನಾದರು. ಮನೆಗೆ ಬಂದರೂ ಅವರ ಬಾಡಿದ ಮುಖವನ್ನು ನಾನು ಮರೆಯಲಾರದೆ ಹೋದೆನು.

ಕಡಲಿನ ಮಹಾಪ್ರಾಣಿಗಳ ಸುದ್ದಿ ನಮಗೆ ಹೊಸದೇನೂ ಅಲ್ಲ. ತಿಮಿಯೆಂಬ ಹಿರಿಯ ಮೀನನ್ನು ನುಂಗುವುದು ತಿಮಿಂಗಿಲ. ಅದನ್ನೂ ನುಂಗುವುದು ತಿಮಿಂಗಿಲಗಿಲ ಎಂದು ನಮ್ಮ ಪೂರ್ವಿಕರು ಹೆಸರಿನ ಮೇಲೆ ಹೆಸರನ್ನು ಪೋಣಿಸಿದರು. ಕ್ರಿಸ್ತಪೂರ್ವ 325ರಲ್ಲಿ ಅಲೆಕ್ಸಾಂಡರನ ನೌಕಾಧಿಪತಿಯಾದ ನಿಯಾರ್ಕಸನು ಸಿಂಧೂ ನದಿಯ ಮುಖದಿಂದ ಪಾರಸೀಕ ಕೊಲ್ಲಿಯತ್ತ ಸಾಗುತ್ತಿದ್ದಾಗ, ಇದೇ ನಮ್ಮ ಪಶ್ಚಿಮ ಸಮುದ್ರದಲ್ಲಿ, ನೀರು ಸುಂಟರಗಾಳಿಗೆ ಸಿಕ್ಕಂತೆ ಮೇಲಕ್ಕೆ ಚಿಮ್ಮುವುದನ್ನು ಕಂಡನೆಂದು ಅರಿಯನ್ ಎಂಬ ಗ್ರಂಥಕಾರನು ಬರೆದಿಟ್ಟಿದ್ದಾನೆ. ಅಂಬಿಗರ ಕೈಯಿಂದ ಹುಟ್ಟುಗಳು ಜಾರಿದವು. ನಿಯಾರ್ಕಸನು ಹಡಗುಗಳನ್ನು ಯುದ್ಧದ ಸಾಲಿನಲ್ಲಿ ನಿಲ್ಲಿಸಿ, ಕೂಗಿಸಿ, ಕಹಳೆಗಳನ್ನೂದಿಸಿದನು. ತಿಮಿಂಗಿಲಗಳು ಮುಳುಗಿ ಹಡಗುಗಳ ಹಿಂದೆ ಎದ್ದವು. ಅವು ಕೇವಲ ಉಸಿರು ಬಿಡುತ್ತಿದ್ದವು!

ಇನ್ನೊಂದು ಕಥೆಯನ್ನು ಕೇಳಿರಿ. ನಾರ್ವೆ ದೇಶದ ಬೆಸ್ತರು ಕ್ರಾಕೆನ್ ಎಂಬ ಭಯಂಕರ ಸಮುದ್ರಜೀವಿಯ ಸುದ್ದಿಯನ್ನು ಬಹುಕಾಲದಿಂದ ಹೇಳುತ್ತಿದ್ದರು. ವಿದ್ವಾಂಸರಲ್ಲಿ ಅನೇಕರು ಅದನ್ನು ಕಟ್ಟುಕಥೆಯೆಂದರು. 1873ರಲ್ಲಿ ನ್ಯೂಫೌಂಡ್‌ಲೆಂಡಿನ ಬಳಿ, ಅಂತಹುದೇ ಜೀವವೊಂದು ಬೆಸ್ತರ ಸಣ್ಣ ದೋಣಿಯನ್ನು ತನ್ನ ತೋಳುಗಳಿಂದ ಹಿಡಿಯಿತು. ಅವರು ಕೊಡಲಿಯಿಂದ ತೋಳನ್ನು ಕಡಿದು, ಬದುಕಿ ಬಂದರು. ಹತ್ತೊಂಬತ್ತು ಅಡಿ ಉದ್ದದ ಆ ತುಂಡು ಮೋಸೆಸ್ ಹಾರ್ವೆ ಎಂಬ ಪಾದ್ರಿಯ ಕೈಸೇರಿತು. ಕೆಲವೇ ವಾರಗಳಲ್ಲಿ ಬೇರೆ ಬೆಸ್ತರ ಬಲೆಗೆ ಇಡಿಯ ಪ್ರಾಣಿಯೇ ಸಿಕ್ಕಿತು. ಹಾರ್ವೆ ಅದನ್ನು ಹತ್ತು ಡಾಲರಿಗೆ ಕೊಂಡು ಛಾಯಾಚಿತ್ರ ತೆಗೆಸಿದನು. ಅದು ದೈತ್ಯ ಸ್ಕ್ವಿಡ್. ಅದನ್ನು ಅದರ ಆಳದ ನೆಲೆಯಲ್ಲಿ ಜೀವಂತವಾಗಿ ಚಿತ್ರಿಸಿದ್ದು 2004ರಲ್ಲಿ, ಜಪಾನಿನ ವಿಜ್ಞಾನಿಗಳು.

ಹಾಗಾದರೆ ನಮ್ಮ ವೃದ್ಧರು ಕಂಡದ್ದೇನು? ದೋಣಿಗೂ ಮಿಗಿಲಾದ ಉದ್ದ, ಬಿಳಿಯ ಬೊಟ್ಟುಗಳು, ಅಗಲವಾದ ಬಾಯಿ, ಮೆಲ್ಲನೆಯ ನಡೆ—ಇವೆಲ್ಲವೂ ತಿಮಿಂಗಿಲ ಷಾರ್ಕಿನ ಲಕ್ಷಣಗಳು. ಮೀನುಗಳಲ್ಲೆಲ್ಲ ಅದೇ ಹಿರಿಯದು. ನಲವತ್ತು ಅಡಿಗೂ ಬೆಳೆಯುವುದುಂಟು. ಆದರೂ ನೀರನ್ನು ಸೋಸಿ ಸೂಕ್ಷ್ಮ ಜೀವಿಗಳನ್ನೂ ಸಣ್ಣ ಮೀನುಗಳನ್ನೂ ತಿಂದು ಬಾಳುವ ಸಾಧುಪ್ರಾಣಿ. ಪಂಡಿತರ ಪುಸ್ತಕದಲ್ಲಿ ಅದಕ್ಕೆ ಹೆಸರು ದೊರೆತದ್ದು 1828ರಲ್ಲಿ. ಗುಜರಾತಿನ ಕರಾವಳಿಯಲ್ಲಿ ಅದರ ಯಕೃತ್ತಿನ ಎಣ್ಣೆಯನ್ನು ದೋಣಿಗಳಿಗೆ ಬಳಿಯುವುದಕ್ಕಾಗಿ ಕೊಲ್ಲುತ್ತಿದ್ದರು. 2001ರಲ್ಲಿ ಭಾರತದ ಕಾನೂನು ಅದಕ್ಕೆ ಅಭಯವನ್ನಿತ್ತಿತು. ಈಗ ಅಲ್ಲಿಯ ಬೆಸ್ತರೇ, ಸಿಕ್ಕಿಬಿದ್ದ ಷಾರ್ಕನ್ನು ಬಿಡಿಸಲು ತಮ್ಮ ಬಲೆಗಳನ್ನು ಕೊಯ್ಯುತ್ತಾರೆ.

ಕಡಲಿನವರ ಮಾತನ್ನೆಲ್ಲ ಅಕ್ಷರಶಃ ನಂಬಬೇಕೆಂದು ನಾನು ಹೇಳುವುದಿಲ್ಲ. ಭಯವು ಅಳತೆಯನ್ನು ಹಿಗ್ಗಿಸುವುದು ನಿಜ. ಆದರೆ ಬೊಟ್ಟುಗಳನ್ನು ಭಯವು ಬರೆಯಲಾರದು. ಬಣ್ಣವೇನು, ನಡೆಯೇನು, ಬಾಯಿ ಹೇಗಿತ್ತು ಎಂದು ಕೇಳಿದ ಬಳಿಕ ನಗುವುದಕ್ಕೆ ಬೇಕಾದಷ್ಟು ಸಮಯವುಂಟು.

ಹುಡುಗನು ಮತ್ತೆ ಸಿಕ್ಕಾಗ ಇಷ್ಟನ್ನೂ ಹೇಳಿದೆನು. ಅವನು ತಲೆತಗ್ಗಿಸಿ, “ಆ ಅಜ್ಜ ಯಾವ ಊರಿನವರೆಂದು ಕೇಳಿದಿರಾ?” ಎಂದನು. ಕೇಳಿರಲಿಲ್ಲ. ಅಂದು ನಕ್ಕವನು ಅವನು. ಸುಮ್ಮನೆ ಕುಳಿತಿದ್ದವನು ನಾನು.