ಕಾದಂಬರಿಗೂ ಮುಯ್ಯಾಳು ಬೇಕು

ಹದಿನೇಳನೇ ದಿನ ರಾತ್ರಿ ಒಂಬತ್ತೂವರೆಗೆ ನಮ್ಮ ವಾಟ್ಸಾಪ್ ಗುಂಪಿನಿಂದ ಒಬ್ಬಳು ಹೊರಗೆ ಹೋದಳು. ಜಗಳ ಇಲ್ಲ, ಮಾತಿಲ್ಲ. ಅವಳ ಹೆಸರಿನ ಜೊತೆ 'ಲೆಫ್ಟ್' ಅಂತ ಬಂತು, ಅಷ್ಟೇ. ನಾನು ಆಗ ನನ್ನ ಅವತ್ತಿನ ಲೆಕ್ಕ ನೋಡಿಕೊಳ್ಳುತ್ತಿದ್ದೆ. 1,420 ಪದ. ಅದನ್ನು ಗುಂಪಿಗೆ ಹಾಕಿ, ಎರಡು ಹೆಬ್ಬೆರಳು ಬಂದದ್ದು ನೋಡಿ, ಖುಷಿಯಾಗಿ ಮಲಗಿದೆ. ಅವಳಿಗೆ ಒಂದು ಫೋನ್ ಮಾಡಬೇಕು ಅಂತ ನನಗಾಗಲಿ ಉಳಿದ ಮೂವರಿಗಾಗಲಿ ಅನಿಸಲಿಲ್ಲ.

ಈ ಬರಹ ಆ ತಪ್ಪಿನ ಬಗ್ಗೆ.

ನಾವು ಐವರು ಗ್ರಾಮೀಣ ಪತ್ರಿಕೋದ್ಯಮ ಒಟ್ಟಿಗೆ ಓದಿದವರು. ಒಬ್ಬ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಇನ್ನೊಬ್ಬ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ಮತ್ತೊಬ್ಬ ಬೆಂಗಳೂರಿನಲ್ಲಿ ರಾತ್ರಿ ಪಾಳಿ. ನಾನು ಊರಲ್ಲೇ ಇದ್ದು ಜಮೀನು ನೋಡಿಕೊಂಡು ಆಗಾಗ ಸುದ್ದಿ ಬರೆಯುವವನು. ಅವಳು ಮದುವೆಯಾಗಿ ಗಂಡನ ಊರಲ್ಲಿದ್ದಾಳೆ. ಎರಡು ಹಸು, ಎರಡು ಮಕ್ಕಳು, ಅತ್ತೆ ಮಾವ. ಓದುವಾಗ ನಮ್ಮಲ್ಲಿ ಚೆನ್ನಾಗಿ ಬರೆಯುತ್ತಿದ್ದವಳು ಅವಳೇ.

ನವೆಂಬರ್ ತಿಂಗಳಲ್ಲಿ ಕಾದಂಬರಿ ಬರೆಯೋಣ ಅಂತ ಹೊರಟೆವು. ಇದು ನಮ್ಮ ತಲೆಯಿಂದ ಬಂದದ್ದಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಕ್ರಿಸ್ ಬೇಟಿ ಎಂಬ ಬರಹಗಾರ 1999ರ ಜುಲೈನಲ್ಲಿ ತನ್ನ ಗೆಳೆಯರನ್ನು ಸೇರಿಸಿಕೊಂಡು ಶುರು ಮಾಡಿದ ಆಟ ಇದು. ಒಟ್ಟು 21 ಜನ. ಗುರಿ, ಒಂದು ತಿಂಗಳಲ್ಲಿ 50,000 ಪದದ ಕಾದಂಬರಿ. ಕಾಫಿ ಅಂಗಡಿಗಳಲ್ಲಿ ಒಟ್ಟಿಗೆ ಕೂತು ಬರೆದರು. ಗುರಿ ಮುಟ್ಟಿದವರು 6 ಜನ. ಮುಂದಿನ ವರ್ಷ ಅದನ್ನು ನವೆಂಬರಿಗೆ ತಂದರು. ಅಲ್ಲಿಂದ ಅದು ಲಕ್ಷಗಟ್ಟಲೆ ಜನರ ಹಬ್ಬವಾಗಿ ಬೆಳೆಯಿತು. 'ನ್ಯಾನೋರೈಮೋ' ಅಂತ ಹೆಸರು. ಹಣದ ಕಷ್ಟ, ವಿವಾದಗಳ ನಡುವೆ ಆ ಸಂಸ್ಥೆ 2025ರ ಮಾರ್ಚ್ ಕೊನೆಯಲ್ಲಿ ಬಾಗಿಲು ಮುಚ್ಚುವುದಾಗಿ ಹೇಳಿತು. ಆದರೆ ಆಟಕ್ಕೆ ಸಂಸ್ಥೆ ಬೇಕಿಲ್ಲವಲ್ಲ. ನಾಲ್ಕು ಜನ ಒಪ್ಪಿದರೆ ಸಾಕು. ನಾವು ಒಪ್ಪಿದೆವು.

ತಪ್ಪಿದ್ದು ಎಲ್ಲಿ ಅಂದರೆ, ಅವರ ಆಟವನ್ನು ಅವರ ಅಳತೆಯಲ್ಲೇ ಎತ್ತಿಕೊಂಡು ಬಂದೆವು.

ಮೊದಲು ತಿಂಗಳನ್ನೇ ನೋಡಿ. ಅವರು ಜುಲೈ ಬಿಟ್ಟು ನವೆಂಬರಿಗೆ ಹೋದದ್ದು ಯಾಕೆ ಗೊತ್ತೇ? ಅವರಿಗೆ ಅದು ಹೊರಗೆ ಹೋಗಲಾಗದ ಕೆಟ್ಟ ಹವೆಯ ತಿಂಗಳು. ಮನೆಯಲ್ಲೇ ಕೂರಬೇಕು, ಕೂತವರು ಬರೆಯಲಿ ಎಂಬ ಲೆಕ್ಕ. ಅವರ ಆಕಾಶ ನೋಡಿ ಅವರು ತಿಂಗಳು ಆರಿಸಿದರು. ನಾವು ಮಾತ್ರ ನಮ್ಮ ಹೊಲ ನೋಡದೆ ಅದೇ ತಿಂಗಳು ಹಿಡಿದೆವು. ನಮ್ಮ ಬಯಲುಸೀಮೆಯಲ್ಲಿ ನವೆಂಬರ್ ಅಂದರೆ ರಾಗಿ ಕೊಯ್ಲು. ಆಳು ಸಿಗಲ್ಲ, ಮೋಡ ಕಟ್ಟಿದರೆ ಎದೆ ಹೊಡೆದುಕೊಳ್ಳುತ್ತೆ. ಕೊಯ್ದು ಮೆದೆ ಹಾಕುವವರೆಗೆ ಮನೆಯಲ್ಲಿ ಯಾರಿಗೂ ಸಮಾಧಾನ ಇಲ್ಲ. ಆ ತಿಂಗಳಲ್ಲಿ ಮನೆಯ ಸೊಸೆ ನೋಟ್‌ಬುಕ್ ಹಿಡಿದು ಕೂತರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಎರಡನೆಯದು ಪದದ ಲೆಕ್ಕ. 50,000ವನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 1,667 ಪದ. ಅದು ಇಂಗ್ಲಿಷ್ ಪದದ ಲೆಕ್ಕ. ನಮ್ಮ ಭಾಷೆ ಹಾಗಲ್ಲ. 'ಹೋಗಬೇಕಾಗಿತ್ತಂತೆ' ಅನ್ನುವುದು ನಮಗೆ ಒಂದೇ ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಐದಾರು ಪದ ಬೇಕು. 'ಮನೆಯಲ್ಲಿದ್ದವರಿಗೂ' ಅಂದರೂ ಅಷ್ಟೇ. ಒಂದೇ ಕತೆಯನ್ನು ಎರಡೂ ಭಾಷೆಯಲ್ಲಿ ಹೇಳಿದರೆ ಕನ್ನಡದ ಪದಗಳ ಸಂಖ್ಯೆ ಎಷ್ಟೋ ಕಡಿಮೆ ಬರುತ್ತದೆ. ಅಂದರೆ ಅವರ ಗುರಿಯನ್ನು ನಾವು ಹಾಗೇ ಹೊತ್ತರೆ ಅವರಿಗಿಂತ ಹೆಚ್ಚು ಭಾರ ಹೊತ್ತ ಹಾಗೆ. ಇದು ನಮಗೆ ತಿಂಗಳು ಮುಗಿಯುವವರೆಗೆ ಹೊಳೆಯಲೇ ಇಲ್ಲ. ದಿನವೂ ಹಿಂದೆ ಬಿದ್ದೆವು, ದಿನವೂ ನಮ್ಮನ್ನೇ ಬೈದುಕೊಂಡೆವು.

ಮೂರನೆಯದೇ ದೊಡ್ಡದು. ದಿನಾ ರಾತ್ರಿ ಒಬ್ಬೊಬ್ಬರೂ ಎಷ್ಟು ಬರೆದೆವು ಅಂತ ಗುಂಪಿಗೆ ಹಾಕಬೇಕು ಎಂಬ ನಿಯಮ ಮಾಡಿದ್ದೆವು. ಇದರಿಂದ ಹುರುಪು ಬರುತ್ತೆ ಅಂದುಕೊಂಡಿದ್ದೆವು. ಮುಂದೆ ಇದ್ದವನಿಗೆ ಬಂತು ನಿಜ. ಹಿಂದೆ ಬಿದ್ದವಳಿಗೆ?

ಕೊಯ್ಲು ಮುಗಿದ ಮೇಲೆ ಒಂದು ದಿನ ಅವಳ ಊರಿಗೆ ಹೋದೆ. ಕಾಫಿ ಕೊಟ್ಟಳು. ಕೊನೆಗೆ ನಾನೇ ಕೇಳಿದೆ, ಯಾಕೆ ಬಿಟ್ಟೆ ಅಂತ.

"ನೀವೆಲ್ಲ ಸಾವಿರ, ಸಾವಿರದೈನೂರು ಅಂತ ಹಾಕ್ತಿದ್ರಿ. ನಂದು ನೂರೈವತ್ತು. ಒಂದೊಂದಿನ ಅದೂ ಇಲ್ಲ. ನಾಚಿಕೆ ಆಯ್ತು ಕಣೋ," ಅಂದಳು.

ಅತ್ತೆ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದರಂತೆ. ಹೊಲದ ಕೆಲಸಕ್ಕೆ ಬಂದವರಿಗೆ ಅಡುಗೆಯೂ ಇವಳ ಮೇಲೆ ಬಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಹಾಲು ಕರೆಯುವ ಮುಂಚೆ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದಳು. ನೋಟ್‌ಬುಕ್ ತಂದು ತೋರಿಸಿದಳು. 41 ಪುಟ. ಅಲ್ಲೇ ಕೂತು ಓದಿದೆ. ನಾನು ಆ ತಿಂಗಳು 38,000 ಪದ ಬರೆದಿದ್ದೆ. ಅಷ್ಟನ್ನೂ ಕೊಟ್ಟು ಆ 41 ಪುಟ ತೆಗೆದುಕೊಳ್ಳಿ ಅಂದರೆ ಎರಡು ಮಾತಾಡದೆ ಕೊಡುತ್ತಿದ್ದೆ. ಅಂಥದ್ದನ್ನು ನಮ್ಮ ಲೆಕ್ಕದ ಪಟ್ಟಿ ನಿಲ್ಲಿಸಿಬಿಟ್ಟಿತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ನೆನಪಾದದ್ದು ಮುಯ್ಯಾಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವತ್ತು ನಾನು ನಿಮ್ಮ ಹೊಲಕ್ಕೆ ಬರುತ್ತೇನೆ, ನಾಳೆ ನೀವು ನನ್ನ ಹೊಲಕ್ಕೆ ಬನ್ನಿ. ದುಡ್ಡಿನ ಮಾತಿಲ್ಲ, ಆಳಿಗೆ ಆಳು. ಈ ಪದ್ಧತಿಯಲ್ಲಿ ಒಂದು ಸೂಕ್ಷ್ಮ ಇದೆ. ಯಾರೂ ಮೂಟೆ ಲೆಕ್ಕ ಹಾಕುವುದಿಲ್ಲ. ನಿನ್ನ ಹೊಲದಲ್ಲಿ ಇಪ್ಪತ್ತು ಮೂಟೆ ಆಯಿತು, ನನ್ನದರಲ್ಲಿ ಆರೇ ಆಯಿತು, ಆದ್ದರಿಂದ ನೀನು ಹೆಚ್ಚು ಅಂತ ಇಲ್ಲ. ಬಂದೆಯಾ, ಬಗ್ಗಿ ಕೆಲಸ ಮಾಡಿದೆಯಾ, ಅಷ್ಟೇ. ಇನ್ನೊಂದು, ಬರಬೇಕಾದವರು ಬರದಿದ್ದರೆ ಸುಮ್ಮನೆ ಬಿಡುವುದಿಲ್ಲ. ಯಾಕೆ ಬರಲಿಲ್ಲ ಅಂತ ಮನೆಗೆ ಹೋಗಿ ವಿಚಾರಿಸುತ್ತಾರೆ. ಹುಷಾರಿಲ್ಲ ಅಂದರೆ ಅವರ ಹೊಲದ ಕೆಲಸವನ್ನೂ ಮುಗಿಸಿಕೊಟ್ಟು ಬರುತ್ತಾರೆ.

ಇದನ್ನೇ ಬರವಣಿಗೆಗೆ ತಂದರೇನು ಅನಿಸಿತು. ಎಲ್ಲರನ್ನೂ ಕೇಳಿದೆ. ಮತ್ತೆ ಒಂದು ತಿಂಗಳು ಹಿಡಿದೆವು. ಈ ಸಲ ಶಿವರಾತ್ರಿಯಿಂದ ಯುಗಾದಿ. ಎಣಿಸಿ ನೋಡಿ, ಹೆಚ್ಚುಕಡಿಮೆ ಒಂದು ತಿಂಗಳೇ. ಕಣದ ಕೆಲಸ ಮುಗಿದಿರುತ್ತದೆ, ಮುಂಗಾರು ಉಳುಮೆಗೆ ಇನ್ನೂ ಸಮಯ ಇರುತ್ತದೆ. ಶಿವರಾತ್ರಿಗೆ ಹೇಗೂ ಜಾಗರಣೆ, ಅವತ್ತು ರಾತ್ರಿಯೇ ಮೊದಲ ಪುಟ. ಪರೀಕ್ಷೆ ಕಾಲ ಅಂತ ಉಪನ್ಯಾಸಕ ಗೊಣಗಿದ, ಆದರೂ ಒಪ್ಪಿದ. ಅಡಿಕೆ ಸೀಮೆಯವರಿಗೆ, ನೀರಾವರಿಯವರಿಗೆ ಇದೇ ತಿಂಗಳು ಸರಿಹೋಗಬೇಕು ಅಂತಿಲ್ಲ. ನಿಮ್ಮ ಕೈ ಬಿಡುವಾಗುವ ತಿಂಗಳನ್ನು ನೀವೇ ಆರಿಸಿಕೊಳ್ಳಿ.

ಗುರಿಯನ್ನು ಪದದಿಂದ ಪುಟಕ್ಕೆ ಇಳಿಸಿದೆವು. ದಿನಕ್ಕೆ ಮೂರು ಪುಟ, ನೋಟ್‌ಬುಕ್ಕಿನಲ್ಲಿ. ತಿಂಗಳಿಗೆ 90. ಪೂರ್ತಿ ಕಾದಂಬರಿ ಆಗದಿದ್ದರೆ ಅರ್ಧ ಆಗುತ್ತದೆ, ಆಗಲಿ. ಡೇರಿಯವನಿಗೆ ಬರೆಯುವುದು ಕಷ್ಟ, ಅವನು ಫೋನಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳುತ್ತಾ ಹೋದ. ತಪ್ಪು ಬರುತ್ತದೆ, ಆಮೇಲೆ ತಿದ್ದಬಹುದು.

ಗುಂಪಿನಲ್ಲಿ ಎಷ್ಟು ಪುಟ ಅಂತ ಯಾರೂ ಹಾಕಬಾರದು. 'ಕೂತೆ' ಅಂತ ಒಂದು ಪದ ಹಾಕಿದರೆ ಸಾಕು. ಒಬ್ಬರಿಂದ ಎರಡು ದಿನ 'ಕೂತೆ' ಬರಲಿಲ್ಲ ಅಂದರೆ ಮೂರನೇ ದಿನ ಒಬ್ಬರು ಫೋನ್ ಮಾಡಬೇಕು. ಮೆಸೇಜ್ ಅಲ್ಲ, ಫೋನ್. ಬೈಯುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ನಮ್ಮದೇ ಒಂದು ಪುಟ ಓದಿ ಹೇಳಿ, ಮುಂದೆ ಏನಾಗಬೇಕು ಹೇಳು ಅಂತ ಅವರನ್ನೇ ಕೇಳಬೇಕು. ಕೇಳಿಸಿಕೊಂಡವರಿಗೆ ತಮ್ಮ ಕತೆ ತಾನಾಗಿ ನೆನಪಾಗುತ್ತದೆ. ತಿಂಗಳು ಮುಗಿಯುವವರೆಗೆ ಯಾರ ಬರಹದಲ್ಲೂ ಹುಳುಕು ಹುಡುಕಬಾರದು. ಬಿತ್ತಿದ ದಿನವೇ ಯಾರೂ ಕಳೆ ಕೀಳುವುದಿಲ್ಲ.

ಅವಳಿಗೆ ಇಷ್ಟು ಸಾಕಾಗುತ್ತಿರಲಿಲ್ಲ. ಹುರುಪು ಅವಳಲ್ಲಿ ಇತ್ತು, ಇಲ್ಲದ್ದು ಹೊತ್ತು. ನಾನು ಮತ್ತು ಡೇರಿಯವನು ಹೋಗಿ ಅವಳ ಗಂಡನ ಜೊತೆ ಕೂತು ಮಾತಾಡಿದೆವು. "ಅಣ್ಣ, ಒಂದು ತಿಂಗಳು ಬೆಳಿಗ್ಗೆ ಡೇರಿಗೆ ಹಾಲು ಹಾಕೋದು ನೀವು ನೋಡ್ಕೊಳ್ಳಿ, ಆ ಅರ್ಧ ಗಂಟೆ ಅವಳಿಗೆ ಬಿಡಿ," ಅಂದೆವು. "ಅಷ್ಟೇನಾ? ಬಾಯ್ಬಿಟ್ಟು ಹೇಳಿದ್ರೆ ಆವಾಗಲೇ ಮಾಡ್ತಿದ್ನಲ್ಲ," ಅಂದರು. ಎಲ್ಲ ಮನೆಯಲ್ಲೂ ಇಷ್ಟು ಸಲೀಸಾಗಿ ಆಗುವುದಿಲ್ಲ, ಗೊತ್ತು. ಆದರೆ ಕೇಳದೆ ಎಲ್ಲೂ ಆಗುವುದಿಲ್ಲ.

ಬರೆಯುವುದು ಒಬ್ಬರೇ ಕೂತು ಮಾಡುವ ತಪಸ್ಸು, ಗುಂಪು ಕಟ್ಟಿಕೊಂಡು ಆಗುವುದಲ್ಲ ಅಂತ ಹಿರಿಯರು ಹೇಳುತ್ತಾರೆ. ಅವರಿಗೆ ನಾನು ರಷ್ಯಾದ ದೊಸ್ತೊಯೆವ್‌ಸ್ಕಿಯ ಕತೆ ಹೇಳುತ್ತೇನೆ. 1866ರಲ್ಲಿ ಆತ ಸಾಲದಲ್ಲಿ ಮುಳುಗಿದ್ದ. ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಅವನ ಬರಹಗಳನ್ನೆಲ್ಲ ಒಂಬತ್ತು ವರ್ಷ ಬಿಟ್ಟಿಯಾಗಿ ಅಚ್ಚು ಹಾಕಿಕೊಳ್ಳುವ ಹಕ್ಕು ಪ್ರಕಾಶಕನಿಗೆ ಹೋಗುತ್ತಿತ್ತು. ಅಕ್ಟೋಬರ್ ಬಂದರೂ ಕಾದಂಬರಿ ಇರಲಿಲ್ಲ. ಆಗ ಅನ್ನಾ ಎಂಬ ಇಪ್ಪತ್ತು ವರ್ಷದ ಶೀಘ್ರಲಿಪಿಗಾರ್ತಿ ಬಂದಳು. ಅವನು ಹೇಳಿದ, ಅವಳು ಬರೆದುಕೊಂಡಳು, ಮನೆಗೆ ಹೋಗಿ ಬಿಡಿಸಿ ಬರೆದು ತಂದಳು. 26 ದಿನದಲ್ಲಿ 'ಜೂಜುಕೋರ' ಮುಗಿಯಿತು. ಅಷ್ಟು ದೊಡ್ಡ ಬರಹಗಾರನಿಗೂ ಬಾಗಿಲು ತಟ್ಟಿ ಬಂದು ಎದುರಿಗೆ ಕೂರುವ ಒಂದು ಜೀವ ಬೇಕಾಯಿತು.

ಅವಸರದಲ್ಲಿ ಬರೆದದ್ದು ಚೆನ್ನಾಗಿರುತ್ತದೆಯೇ ಅಂತಲೂ ಕೇಳುತ್ತಾರೆ. ಇರುವುದಿಲ್ಲ. ಎರಿನ್ ಮಾರ್ಗನ್‌ಸ್ಟರ್ನ್ ಎಂಬ ಲೇಖಕಿಯ 'ದಿ ನೈಟ್ ಸರ್ಕಸ್' ಹುಟ್ಟಿದ್ದು ಇಂಥ ನವೆಂಬರ್‌ಗಳಲ್ಲಿ. ಆದರೆ ಪುಸ್ತಕವಾಗಿ ಬಂದದ್ದು 2011ರಲ್ಲಿ, ಮತ್ತೆ ಮತ್ತೆ ತಿದ್ದಿ ಬರೆದ ಮೇಲೆ. ಒಂದು ತಿಂಗಳಲ್ಲಿ ಕೈಗೆ ಬರುವುದು ಕಣಕ್ಕೆ ಬಂದ ರಾಗಿ ತೆನೆ. ಒಕ್ಕಬೇಕು, ತೂರಬೇಕು, ಕಲ್ಲು ಆರಿಸಬೇಕು. ತೆನೆಯೇ ಇಲ್ಲದಿದ್ದರೆ ಏನನ್ನು ಒಕ್ಕುವುದು?

ಯುಗಾದಿ ಹೊತ್ತಿಗೆ ನಮ್ಮ ಲೆಕ್ಕ ಹೀಗಿತ್ತು. ಐವರಲ್ಲಿ ಮೂವರು ಕೊನೆಯವರೆಗೆ ಕೂತರು. ಬೆಂಗಳೂರಿನವನು ಎರಡನೇ ವಾರಕ್ಕೆ ನಿಲ್ಲಿಸಿದ. ಈ ಸಲ ಅವನಿಗೆ ಫೋನ್ ಮಾಡಿದೆವು. ಪಾಳಿ ಬದಲಾಗಿದೆ, ನಿದ್ದೆ ಇಲ್ಲ, ಮುಂದಿನ ವರ್ಷ ಬರುತ್ತೇನೆ ಅಂದ. ಗುಂಪು ಬಿಟ್ಟು ಹೋಗಲಿಲ್ಲ. ಉಪನ್ಯಾಸಕನದು ಪರೀಕ್ಷೆ ಪತ್ರಿಕೆಗಳ ನಡುವೆ ನಿಂತಿತು. ಯಾರ ಕಾದಂಬರಿಯೂ ಮುಗಿದಿಲ್ಲ. ಅವಳ ಮೊದಲ ನೋಟ್‌ಬುಕ್ ತುಂಬಿದೆ, ಎರಡನೆಯದು ಶುರುವಾಗಿದೆ. ಹಾಲು ಹಾಕಲು ಈಗಲೂ ಗಂಡನೇ ಹೋಗುತ್ತಾರೆ.

ನಿಮ್ಮಲ್ಲೂ ಯಾರಿಗಾದರೂ ಹೇಳಬೇಕಾದ ಒಂದು ಕತೆ ಇದ್ದರೆ, ಮೊದಲು ಹುರುಪು ಹುಡುಕಬೇಡಿ. ಇಬ್ಬರು ಮುಯ್ಯಾಳು ಹುಡುಕಿ. ನಿಮ್ಮ ಹೊಲ ನೋಡಿ ತಿಂಗಳು ಗೊತ್ತುಮಾಡಿ. ಬರೆಯುವ ಹೊತ್ತನ್ನು ಮನೆಯವರ ಹತ್ತಿರ ಬಾಯಿಬಿಟ್ಟು ಕೇಳಿ. ನಿಮ್ಮ ಜೊತೆ ಕೂತವರು ಒಂದು ದಿನ ಸದ್ದಿಲ್ಲದೆ ಎದ್ದುಹೋದರೆ, ನಿಮ್ಮ ಅವತ್ತಿನ ಪುಟ ಅಲ್ಲಿಗೇ ಬಿಟ್ಟು ಅವರಿಗೊಂದು ಫೋನ್ ಮಾಡಿ. ನಾನು ಹದಿನೇಳನೇ ದಿನ ಮಾಡದೆ ಹೋದದ್ದು ಅದೇ.