250 ರೂ. ಮೆಟ್ರೊ ಪಾಸ್, 80 ರೂ. ಬಸ್ ಪಾಸ್: ಬೆಂಗಳೂರು ನೋಡಲು ಹೋಗುವ ತುಮಕೂರಿನವರಿಗೆ ಯಾವುದು ಲಾಭ?

ತುಮಕೂರು: ರಜೆ ಬಂದರೆ ಸಾಕು, ಮಕ್ಕಳದ್ದು ಒಂದೇ ಹಠ. ಬೆಂಗಳೂರಿಗೆ ಹೋಗಬೇಕು, ಮೆಟ್ರೊ ಹತ್ತಬೇಕು. ಎಪ್ಪತ್ತು ಕಿಲೋಮೀಟರ್ ದೂರದ ಊರು, ಬೆಳಗ್ಗೆ ಹೊರಟ್ರೆ ರಾತ್ರಿ ಮನೆ ಸೇರಬಹುದು. ಹೋಗಿ ಬರುವ ಖರ್ಚು ಹೇಗೋ ಆಗುತ್ತೆ. ಊರೊಳಗೆ ಓಡಾಡೋ ಖರ್ಚೇ ಜೇಬಿಗೆ ಕತ್ತರಿ ಹಾಕೋದು. ನಾಲ್ಕು ಜನ ಎರಡು ಸಲ ಆಟೊ ಹತ್ತಿ ಇಳಿದರೆ ಊಟದ ದುಡ್ಡು ಖಾಲಿ.

ಇದಕ್ಕೆ ಪರಿಹಾರ ಅಂತ ಈಗ ಎಲ್ಲರೂ ಹೇಳುತ್ತಿರುವುದು ಪಾಸ್. ನಮ್ಮ ಮೆಟ್ರೊ 2026ರ ಜನವರಿ 15ರಿಂದ ಮೊಬೈಲ್ ಕ್ಯೂಆರ್ ರೂಪದಲ್ಲೇ ದಿನದ ಪಾಸ್ ಕೊಡಲು ಶುರು ಮಾಡಿತು. ಒಂದು ದಿನಕ್ಕೆ 250, ಮೂರು ದಿನಕ್ಕೆ 550, ಐದು ದಿನಕ್ಕೆ 850 ರೂಪಾಯಿ. ಮೊದಲು ಇದೇ ಪಾಸ್ ಬೇಕು ಅಂದ್ರೆ ಸ್ಮಾರ್ಟ್ ಕಾರ್ಡ್ ತಗೊಂಡು 50 ರೂ. ಠೇವಣಿ ಇಡಬೇಕಿತ್ತು. ಈಗ ಆ ರಗಳೆ ಇಲ್ಲ. ಎಷ್ಟು ಸಲ ಬೇಕಾದರೂ ಹತ್ತಿ, ಎಲ್ಲಿ ಬೇಕಾದರೂ ಇಳಿಯಿರಿ ಅನ್ನೋದು ಕೇಳೋಕೆ ಚೆನ್ನಾಗಿದೆ. ಆದರೆ ಲೆಕ್ಕ ಹಾಕಿ ನೋಡಿದರೆ ತುಮಕೂರು ಕಡೆಯಿಂದ ಒಂದು ದಿನಕ್ಕೆ ಹೋಗಿ ಬರುವವರಲ್ಲಿ ಹೆಚ್ಚಿನವರಿಗೆ ಈ ಪಾಸ್ ನಷ್ಟ.

ಹೇಗೆ ಅಂತ ನೋಡೋಣ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿದ ಮೇಲೆ ಕನಿಷ್ಠ 10, ಗರಿಷ್ಠ 90 ರೂ. ಆಗಿದೆ. ಎರಡು ಕಿ.ಮೀ. ಒಳಗೆ 10, ಹತ್ತರಿಂದ ಹದಿನೈದು ಕಿ.ಮೀ.ಗೆ 60, ಹದಿನೈದರಿಂದ ಇಪ್ಪತ್ತಕ್ಕೆ 70, ಇಪ್ಪತ್ತೈದು ದಾಟಿದರೆ 90. ತುಮಕೂರು ರಸ್ತೆಯಲ್ಲಿ ಬಸ್ಸಿನಿಂದ ಮಾದಾವರದಲ್ಲಿ ಇಳಿದು ಮೆಟ್ರೊ ಹತ್ತಿದರೆ ಕಬ್ಬನ್ ಪಾರ್ಕಿಗೆ ಹೆಚ್ಚೆಂದರೆ 80. ಅಲ್ಲಿಂದ ವಿಧಾನಸೌಧದ ಮುಂದೆ ಫೋಟೊ ತೆಗೆಸಿಕೊಳ್ಳೋಕೆ ನಡೆದೇ ಹೋಗಬಹುದು. ಅದು ಮುಗಿಸಿ ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಿಸಿ ಲಾಲ್‌ಬಾಗ್‌ಗೆ ಸುಮಾರು 40. ಸಂಜೆ ಲಾಲ್‌ಬಾಗ್‌ನಿಂದ ವಾಪಸ್ ಮಾದಾವರಕ್ಕೆ 80. ಒಟ್ಟು 200. ಇಡೀ ದಿನ ಸುತ್ತಿದರೂ ಪಾಸಿನ ಬೆಲೆಗಿಂತ 50 ರೂ. ಕಡಿಮೆ!

ರೈಲಿನಲ್ಲಿ ಹೋಗಿ ಯಶವಂತಪುರದಲ್ಲಿ ಇಳಿಯುವವರಿಗೆ ಇನ್ನೂ ಕಡಿಮೆ. ಅಲ್ಲಿಂದ ಇದೇ ಮೂರು ಪ್ರಯಾಣ 160ರೊಳಗೆ ಮುಗಿಯುತ್ತದೆ.

ಕಾರಣ ಸರಳ. ಬೆಂಗಳೂರಿನಲ್ಲಿ ಹೊರಗಿನವರು ನೋಡುವ ಜಾಗಗಳು ಹೆಚ್ಚಿನವು ನಡುಪಟ್ಟಣದಲ್ಲೇ ಇವೆ. ಕಬ್ಬನ್ ಪಾರ್ಕು, ವಿಧಾನಸೌಧ, ವಿಶ್ವೇಶ್ವರಯ್ಯ ಮ್ಯೂಸಿಯಂ, ಕೆ.ಆರ್. ಮಾರ್ಕೆಟ್ ಪಕ್ಕದ ಟಿಪ್ಪು ಬೇಸಿಗೆ ಅರಮನೆ, ಲಾಲ್‌ಬಾಗ್. ಒಂದರಿಂದ ಒಂದಕ್ಕೆ ನಾಲ್ಕಾರು ಕಿಲೋಮೀಟರ್. ಅಷ್ಟು ದೂರಕ್ಕೆ 20, 30, 40 ರೂಪಾಯಿ ಟಿಕೆಟ್ ಸಾಕು. ದಿನದ ಪಾಸ್ ಗಿಟ್ಟಬೇಕು ಅಂದ್ರೆ 90 ರೂಪಾಯಿಯ ಪ್ರಯಾಣ ಮೂರು ಸಲವಾದರೂ ಆಗಬೇಕು. ವೈಟ್‌ಫೀಲ್ಡ್‌ನಲ್ಲಿ ನೆಂಟರು, ಬೊಮ್ಮಸಂದ್ರದಲ್ಲಿ ಮಗನ ಕೆಲಸ, ಮಧ್ಯೆ ಜಯನಗರದಲ್ಲಿ ಶಾಪಿಂಗ್, ಹೀಗೆ ಮೂಲೆ ಮೂಲೆ ಸುತ್ತುವವರಿಗೆ ಮಾತ್ರ ಅದು ಲಾಭ.

ಮೂರು ದಿನದ್ದು ಸ್ವಲ್ಪ ಬೇರೆ ಲೆಕ್ಕ. ದಿನಕ್ಕೆ 183 ರೂಪಾಯಿ ಬೀಳುತ್ತೆ. ಬೆಂಗಳೂರಿನಲ್ಲೇ ಉಳಿದು ದಿನಾ ಹೊರಗೆ ಸುತ್ತುವವರಿಗೆ ಪರವಾಗಿಲ್ಲ. ಐದು ದಿನದ್ದು 170. ಆದರೆ ಅಂಗಡಿ ಬಾಗಿಲು ಹಾಕಿ ಐದು ದಿನ ಬೆಂಗಳೂರು ನೋಡುವವರು ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನ ಇದ್ದಾರು?

ಅಗ್ಗವಾಗಿ ಊರು ನೋಡಬೇಕು ಅನ್ನುವವರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಬಿಎಂಟಿಸಿಯ ಸಾಮಾನ್ಯ ಬಸ್ಸಿನ ದಿನದ ಪಾಸ್. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿದಾಗ ಇದೂ 70ರಿಂದ 80ಕ್ಕೆ ಹೋಯಿತು. ಬಸ್ಸಿನಲ್ಲೇ ಕಂಡಕ್ಟರ್ ಹತ್ತಿರ ಸಿಗುತ್ತದೆ, ಆ್ಯಪ್ ಬೇಕಿಲ್ಲ. ವಜ್ರ ಎ.ಸಿ. ಬಸ್ಸಿನ ದಿನದ ಪಾಸ್ 140 ರೂ. ಬನ್ನೇರುಘಟ್ಟದವರೆಗೂ ಮೆಟ್ರೊ ಇಲ್ಲ, ಬಸ್ ಇದೆ. ಮೆಜೆಸ್ಟಿಕ್‌ನಿಂದ 365 ನಂಬರಿನ ಬಸ್ ಅಲ್ಲಿಗೇ ಹೋಗುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣ, ಗವಿ ಗಂಗಾಧರೇಶ್ವರ ಇಂಥ ಕಡೆಗೂ ಬಸ್ಸೇ ಹತ್ತಿರ.

ಇಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ತುಮಕೂರಿನಿಂದ ಮೆಜೆಸ್ಟಿಕ್‌ಗೂ ಇಲ್ಲ, ಮೆಜೆಸ್ಟಿಕ್‌ನಿಂದ ಬನ್ನೇರುಘಟ್ಟಕ್ಕೂ ಇಲ್ಲ. ಅಂದ್ರೆ ಮನೆಯಲ್ಲಿ ಪಾಸ್ ಬೇಕಾಗಿರೋದು ಗಂಡಸರಿಗೆ ಮಾತ್ರ. ಗಂಡ, ಹೆಂಡತಿ, ಹೈಸ್ಕೂಲ್ ಓದುವ ಒಬ್ಬ ಮಗ, ಒಬ್ಬ ಮಗಳು ಇರುವ ಮನೆ ಅಂದುಕೊಳ್ಳಿ. ಮೆಟ್ರೊ ಪಾಸ್ ತಗೊಂಡರೆ ನಾಲ್ವರಿಗೆ 1000 ರೂ. ಮೆಟ್ರೊ ಟಿಕೆಟ್ ಬಿಡಿಬಿಡಿಯಾಗಿ ತಗೊಂಡರೆ ಮೇಲಿನ ಲೆಕ್ಕದಲ್ಲಿ 800. ಬಸ್ಸಿನಲ್ಲಿ ಸುತ್ತಿದರೆ ಅಪ್ಪನಿಗೆ, ಮಗನಿಗೆ ತಲಾ 80, ಒಟ್ಟು 160 ರೂ. ಅಷ್ಟೇ. ಉಳಿದ 840 ರೂಪಾಯಿಗೆ ಮಧ್ಯಾಹ್ನದ ಊಟವೂ ಆಯಿತು, ಮಕ್ಕಳಿಗೆ ಬನ್ನೇರುಘಟ್ಟದ ಪ್ರವೇಶ ಟಿಕೆಟ್ಟಿಗೂ ದಾರಿಯಾಯಿತು.

ಒಂದೇ ಎಚ್ಚರಿಕೆ. ಶಕ್ತಿಗೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಆಂಧ್ರದ ಕಡೆಯಿಂದ ಮದುವೆಯಾಗಿ ಪಾವಗಡ, ಮಧುಗಿರಿಗೆ ಬಂದವರ ಆಧಾರ್‌ನಲ್ಲಿ ಹಳೇ ವಿಳಾಸವೇ ಇದ್ದರೆ ಕಂಡಕ್ಟರ್ ಒಪ್ಪಲ್ಲ. ವಜ್ರ, ರಾಜಹಂಸ ಬಸ್ಸುಗಳಿಗೆ ಶಕ್ತಿ ಅನ್ವಯ ಆಗುವುದೂ ಇಲ್ಲ.

ಬಸ್ಸಿನ ತಕರಾರು ಎಲ್ಲರಿಗೂ ಗೊತ್ತಿರುವುದೇ, ಟ್ರಾಫಿಕ್. ಮೆಟ್ರೊದಲ್ಲಿ ಹತ್ತು ನಿಮಿಷದ ದಾರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಆಗುವ ದಿನಗಳೂ ಇವೆ. ಒಂದೇ ದಿನದಲ್ಲಿ ಹೋಗಿ ಬರಬೇಕಾದವರಿಗೆ ಹೊತ್ತೂ ದುಡ್ಡೇ. ಹಾಗಾಗಿ ಜಾಣತನ ಇರೋದು ಎರಡನ್ನೂ ಬೆರೆಸೋದರಲ್ಲಿ. ಬಸ್ ಪಾಸ್ ಕೈಯಲ್ಲಿರಲಿ, ನಡುವೆ ಟ್ರಾಫಿಕ್ ಜಾಸ್ತಿ ಇರುವ ಒಂದೆರಡು ಕಡೆ ಮಾತ್ರ ಮೆಟ್ರೊಗೆ 20–30 ರೂ. ಟಿಕೆಟ್. ಬಸ್ಸಿಗೂ ಮೆಟ್ರೊಗೂ ಸೇರಿ ಒಂದೇ ದಿನದ ಪಾಸ್ ಇದ್ದಿದ್ದರೆ ಇಷ್ಟು ತಲೆಬಿಸಿ ಬೇಕಿರಲಿಲ್ಲ. ಸಂಸ್ಥೆಗಳು ಬೇರೆ ಬೇರೆ ಇರಬಹುದು, ಹತ್ತೋ ಜನ ಒಬ್ಬರೇ ತಾನೇ? ಹೊರದೇಶದ ದೊಡ್ಡ ಊರುಗಳಲ್ಲಿ ಒಂದು ಪಾಸ್ ತಗೊಂಡರೆ ಹತ್ತಾರು ಮ್ಯೂಸಿಯಂಗಳ ಬಾಗಿಲೂ ತೆರೆಯುತ್ತೆ. ಪ್ಯಾರಿಸ್ಸಿನಲ್ಲಿ ಮ್ಯೂಸಿಯಂ ಪಾಸ್ ಅಂತಲೇ ಇದೆ. ಇಲ್ಲಿ ಪಾಸ್ ಅಂದ್ರೆ ಬರೀ ಪ್ರಯಾಣ, ಪ್ರವೇಶ ಶುಲ್ಕ ಪ್ರತಿ ಗೇಟಿನಲ್ಲೂ ಬೇರೆ.

ತಲೆಬಿಸಿಯೇ ಬೇಡ ಅನ್ನುವವರಿಗೆ ಬಿಎಂಟಿಸಿಯ ಪ್ಯಾಕೇಜ್ ಪ್ರವಾಸಗಳಿವೆ. 2025ರ ಮೇ ಕೊನೆಯಲ್ಲಿ ಶುರುವಾದ ‘ದಿವ್ಯ ದರ್ಶನ’ದಲ್ಲಿ ವಾರಾಂತ್ಯ ಮತ್ತು ರಜಾ ದಿನ ದೇವಸ್ಥಾನಗಳನ್ನು ತೋರಿಸುತ್ತಾರೆ. ಶುರುವಾದಾಗ ದರ ದೊಡ್ಡವರಿಗೆ 450, ಮಕ್ಕಳಿಗೆ 350 ಇತ್ತು. ವಯಸ್ಸಾದ ಅಪ್ಪ–ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಅದು ಅನುಕೂಲ, ಬಸ್ ಹುಡುಕುತ್ತಾ ಬಿಸಿಲಲ್ಲಿ ನಿಲ್ಲಬೇಕಿಲ್ಲ. ಆದರೆ ಇದರಲ್ಲಿ ಶಕ್ತಿ ನಡೆಯಲ್ಲ, ಗಂಡ–ಹೆಂಡತಿ ಇಬ್ಬರೇ ಹೋದರೂ 900. ಜೊತೆಗೆ ಅದು ಬೆಳಗ್ಗೆಯೇ ಮೆಜೆಸ್ಟಿಕ್‌ನಿಂದ ಹೊರಡುತ್ತೆ, ಇಲ್ಲಿಂದ ಹೋಗುವವರು ಕತ್ತಲಲ್ಲೇ ಏಳಬೇಕು.

ಇನ್ನು ಅಂಗಡಿಯವರ ವಿಷಯ. ಇಲ್ಲಿನ ಬಟ್ಟೆ, ಸ್ಟೇಷನರಿ, ಫ್ಯಾನ್ಸಿ ಅಂಗಡಿಗಳವರು ಚಿಕ್ಕಪೇಟೆ, ಅವೆನ್ಯೂ ರೋಡಿಗೆ ಸರಕಿಗೆ ಹೋಗುವವರು. ಅವರಿಗೆ ದಿನದ ಪಾಸ್ ಬೇಕಾಗಿಲ್ಲ. ಚಿಕ್ಕಪೇಟೆಗೇ ಮೆಟ್ರೊ ನಿಲ್ದಾಣ ಇದೆ, ಹೋಗಿ ಬರೋಕೆ ಮಾದಾವರದಿಂದ ಸುಮಾರು 140 ರೂ. ತಿಂಗಳಿಗೆ ಎರಡು ಮೂರು ಸಲ ಹೋಗುವವರು 50 ರೂಪಾಯಿ ಕೊಟ್ಟು ಸ್ಮಾರ್ಟ್ ಕಾರ್ಡ್ ಮಾಡಿಸಿಕೊಂಡರೆ ಪ್ರತಿ ಸಲ ಶೇ 5 ರಿಯಾಯಿತಿ, ಜನಸಂದಣಿ ಇಲ್ಲದ ಹೊತ್ತಿನಲ್ಲಿ ಇನ್ನೂ ಶೇ 5. ಭಾನುವಾರ ಇಡೀ ದಿನ ಶೇ 10. ಕಾರ್ಡಿನಲ್ಲಿ ಕನಿಷ್ಠ 90 ರೂ. ಇರಲೇಬೇಕು, ಇಲ್ಲದಿದ್ದರೆ ಗೇಟ್ ತೆಗೆಯಲ್ಲ. ದೊಡ್ಡ ಗಂಟು ಮೂಟೆ ಇದ್ದರೆ ಲಗೇಜಿಗೆ 30 ರೂ. ಬೇರೆ ಕೇಳುತ್ತಾರೆ. ಅದಕ್ಕೇ ಸರಕು ಪಾರ್ಸೆಲ್ ಆಫೀಸಿಗೆ ಹಾಕಿ ಖಾಲಿ ಕೈಯಲ್ಲಿ ಬರೋದೇ ವಾಸಿ.

ಇದೆಲ್ಲದರ ಮಧ್ಯೆ ತುಮಕೂರಿಗೇ ಮೆಟ್ರೊ ಬರುತ್ತೆ ಅನ್ನೋ ಮಾತು ಬೇರೆ. ಮಾದಾವರದಿಂದ ಇಲ್ಲಿಯವರೆಗೆ ಸುಮಾರು 60 ಕಿ.ಮೀ. ಮಾರ್ಗಕ್ಕೆ ವಿಸ್ತೃತ ಯೋಜನಾ ವರದಿ ಮಾಡಿಸುವ ಕೆಲಸಕ್ಕೆ ಮೆಟ್ರೊ ನಿಗಮ ಟೆಂಡರ್ ಕರೆದಿದೆ. ಈಗಿರುವ 90 ರೂಪಾಯಿಯ ಗರಿಷ್ಠ ದರದಲ್ಲೇ ತುಮಕೂರಿಗೂ ಕರೆದುಕೊಂಡು ಬರುತ್ತಾರೆ ಅಂತ ಯಾರೂ ಕನಸು ಕಾಣೋದು ಬೇಡ. ಆದರೆ ಆ ದಿನ ಬಂದು, ದಿನದ ಪಾಸ್ ಇಲ್ಲಿಯವರೆಗೂ ನಡೆಯುತ್ತೆ ಅಂದ್ರೆ ಇವತ್ತಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆಗ ಬೆಂಗಳೂರಿನವರೂ ಅದೇ ಪಾಸಿನಲ್ಲಿ ಇತ್ತ ಬರಬಹುದು. ಸಿದ್ಧಗಂಗೆಗೆ, ದೇವರಾಯನದುರ್ಗಕ್ಕೆ, ನಾಮದ ಚಿಲುಮೆಗೆ ಈಗ ಕಾರು ಬೈಕಿನಲ್ಲಿ ಬಂದು ಹಾಗೇ ವಾಪಸ್ ಹೋಗುವ ಜನ ಊರೊಳಗೆ ಇಳಿದರೆ ಇಲ್ಲಿನ ಹೋಟೆಲು, ಅಂಗಡಿಗಳಿಗೆ ನಾಲ್ಕು ಕಾಸು. ಅದಕ್ಕೆ ಮೆಟ್ರೊವನ್ನೇ ಕಾಯಬೇಕು ಅಂತಿಲ್ಲ. ತುಮಕೂರು ಬಸ್ ನಿಲ್ದಾಣದಿಂದ ಈ ಮೂರೂ ಜಾಗ ಸುತ್ತಿಸುವ ಒಂದು ರಜಾ ದಿನದ ಬಸ್, ಅದಕ್ಕೊಂದು ದಿನದ ಪಾಸ್, ಇಷ್ಟನ್ನು ಕೆಎಸ್ಆರ್‌ಟಿಸಿ ಮನಸ್ಸು ಮಾಡಿದರೆ ಈಗಲೇ ಮಾಡಬಹುದು.

ಈ ರಜೆಗೆ ಹೊರಡುವವರು ದಿನ ನೋಡಿಕೊಂಡು ಹೊರಡಿ. ಬನ್ನೇರುಘಟ್ಟ ಉದ್ಯಾನಕ್ಕೆ ಮಂಗಳವಾರ ರಜೆ. ಭಾನುವಾರ ಮೆಟ್ರೊ ಶುರುವಾಗೋದು ಬೆಳಗ್ಗೆ 7ಕ್ಕೆ, ಅದಕ್ಕೂ ಮೊದಲು ಮಾದಾವರ ಸೇರಿದರೆ ಕಾಯಬೇಕಾಗುತ್ತದೆ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಹೋಗುವವರು ನಿಲ್ದಾಣದಲ್ಲಿ ಒಂದು ಮಾತು ಕೇಳಿ ನೋಡಿ. ಹಿಂದಿನ ಪ್ರದರ್ಶನಗಳಲ್ಲಿ ಅಲ್ಲಿಂದ ಯಾವ ನಿಲ್ದಾಣಕ್ಕಾದರೂ ವಾಪಸ್ ಹೋಗಲು 30 ರೂಪಾಯಿಯ ಕಾಗದದ ಟಿಕೆಟ್ ಕೊಟ್ಟಿದ್ದುಂಟು. ಅದು ಸಿಕ್ಕಿದರೆ ಯಾವ ಪಾಸೂ ಬೇಡ.