ಪದ್ಮಿನಿಯ ಇಂಜಿನ್ ಇಳಿದಾಗ...

ಓದುಗ ದೊರೆಗಳೇ, 2019ರಲ್ಲಿ ಜಗ್ಗೇಶ್ ಅವರ ‘ಪ್ರೀಮಿಯರ್ ಪದ್ಮಿನಿ’ ನೋಡಿದಿರಲ್ಲ? ಅಂಥದ್ದೇ ಅಸಲಿ ಪದ್ಮಿನಿಯೊಂದು ನೆಲಮಂಗಲದ ಶೆಡ್ಡಿನಲ್ಲಿ ಮರುಜನ್ಮಕ್ಕೆ ಕಾದಿದೆ. ಗೆಳೆಯನ ಅಪ್ಪ ಬಾಡಿಗೆಗೆ ಓಡಿಸಿ ಸಂಸಾರ ಸಾಕಿದ ಗಾಡಿ. ರಿಪೇರಿ ಕೆಟ್ಟರೆ ಗುಜರಿಗೇ ಗತಿ!

1089 ಸಿ.ಸಿ., ನಾಲ್ಕು ಸಿಲಿಂಡರ್. ಗೆಳೆಯನಿಗೆ ಇಂಜಿನ್ ಇಳಿಸೋದು ಇದೇ ಮೊದಲು. ಬ್ಯಾಟರಿ ವೈರ್ ಕಳಚಿದ, ರೇಡಿಯೇಟರ್ ನೀರು ಬಸಿದ, ಗೇರ್‌ಬಾಕ್ಸ್ ಬೇರ್ಪಡಿಸಿದ. ಬಿಚ್ಚಿದ ಬೋಲ್ಟುಗಳನ್ನೆಲ್ಲ ಬೇರೆ ಬೇರೆ ಡಬ್ಬಿಗೆ ಹಾಕಿ ಚೀಟಿ ಅಂಟಿಸಿದ.

‘ಯಾಕಯ್ಯಾ ಇಷ್ಟು ನಿಧಾನ?’ ಅಂದೆ.

‘ಬಿಚ್ಚೋದು ಯಾರು ಬೇಕಾದ್ರೂ ಬಿಚ್ತಾರೆ ಗುರೂ, ಜೋಡಿಸೋವಾಗ ನೆನಪಿರಬೇಕು’ ಅಂದ.

ಚೈನ್ ಪುಲ್ಲಿ ಎಳೆದ. ಇಂಜಿನ್ ಮೇಲೆದ್ದು ತೂಗಾಡಿತು. ಅದರಡಿ ಒಬ್ಬರನ್ನೂ ನಿಲ್ಲಗೊಡಲಿಲ್ಲ. ಸಾಹಸ ಅಂದ್ರೆ ಇದಪ್ಪಾ!

ಇಂಜಿನ್ ಈಗ ಹಲಗೆ ಮೇಲಿದೆ. ಮತ್ತೆ ಸ್ಟಾರ್ಟ್ ಆದ ದಿನ ಬರೀತೀನಿ. ಶಿಳ್ಳೆ ರೆಡಿ ಇಟ್ಕೊಳ್ಳಿ!